ಬ್ಯಾಕ್ ಬಟನ್ ಇಲ್ಲದ ಫೋನು

ಎರಡು ತಿಂಗಳ ಹಿಂದೆ ಹಾಸ್ಟೆಲ್‌ನ ಮೇಲಿನ ಮಂಚದಿಂದ ನನ್ನ ಫೋನು ಬಿತ್ತು. ಮೂರು ವರ್ಷ ಜೊತೆಗಿದ್ದ ಆಂಡ್ರಾಯ್ಡ್ ಫೋನು. ಪರದೆ ಅರ್ಧ ಕಪ್ಪು, ಉಳಿದರ್ಧದಲ್ಲಿ ಹಸಿರು ಗೆರೆ. ವಿಷಯ ತಿಳಿದ ದೊಡ್ಡಮ್ಮನ ಮಗ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಣ್ಣ, ‘ನನ್ನ ಹಳೇ ಐಫೋನ್ ಬೀರುವಿನಲ್ಲಿ ಸುಮ್ಮನೆ ಬಿದ್ದಿದೆ, ತಗೊಂಡು ಹೋಗೋ’ ಅಂದ. ಐಫೋನ್ 11. ಬಿಡುಗಡೆಯಾಗಿದ್ದು 2019ರಲ್ಲಿ. ಬ್ಯಾಟರಿ ಹೆಲ್ತ್ ಶೇ 78. ಆದರೂ ಬಸ್ಸಿನಲ್ಲಿ ವಾಪಸ್ ಬರುವಾಗ ಹತ್ತು ಸಲವಾದರೂ ಜೇಬು ಮುಟ್ಟಿ ನೋಡಿಕೊಂಡೆ. ಸುಳ್ಳೇಕೆ ಹೇಳಲಿ, ಖುಷಿಯಾಗಿತ್ತು.

ಮೊದಲ ಪೆಟ್ಟು ಬ್ಯಾಕ್ ಬಟನ್ನಿನದು. ಆಂಡ್ರಾಯ್ಡ್‌ನಲ್ಲಿ ಎಲ್ಲಿಗೇ ಹೋಗಿ ಸಿಕ್ಕಿಕೊಂಡರೂ ಪರದೆಯ ಯಾವ ಅಂಚಿನಿಂದ ಬೆರಳು ಎಳೆದರೂ ಒಂದು ಹೆಜ್ಜೆ ಹಿಂದಕ್ಕೆ ಬರಬಹುದು. ಇಲ್ಲಿ ಕೆಲವು ಕಡೆ ಎಡ ಅಂಚಿನಿಂದ ಎಳೆಯಬೇಕು, ಕೆಲವು ಕಡೆ ಎಡಗಡೆ ಮೇಲಿನ ಮೂಲೆಯ ಬಾಣದ ಗುರುತು ಒತ್ತಬೇಕು, ಇನ್ನು ಕೆಲವು ಕಡೆ ಇಂಟು ಮಾರ್ಕು, ಕೆಲವು ಕಡೆ ‘ಡನ್’. ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತವನ ಹೆಬ್ಬೆರಳು ಆ ಮೂಲೆಗೆ ಎಟುಕುವುದೇ ಇಲ್ಲ. ಬಲ ಅಂಚಿನಿಂದ ಎಳೆದೆಳೆದು ಫೋನು ಹ್ಯಾಂಗ್ ಆಗಿದೆ ಅಂದುಕೊಂಡೆ. ಹ್ಯಾಂಗ್ ಆಗಿದ್ದು ನಾನು.

ಚಾರ್ಜರ್ ಕಥೆ ಬೇರೆ. ಇಡೀ ಹಾಸ್ಟೆಲ್ಲಿನಲ್ಲಿ ಯಾರ ರೂಮಿಗೆ ಹೋದರೂ ಟೈಪ್ ಸಿ ಕೇಬಲ್ ಸಿಗುತ್ತದೆ. ಐಫೋನ್ ಟೈಪ್ ಸಿಗೆ ಬಂದಿದ್ದು 2023ರಲ್ಲಿ, 15ನೇ ಮಾಡೆಲ್‌ನಿಂದ. ನನ್ನದರ ಕೇಬಲ್ಲೇ ಬೇರೆ. ಯುಪಿಐ ಆ್ಯಪ್ ಹೊಸದಾಗಿ ಹಾಕಿಕೊಂಡಾಗ ಆರಂಭದಲ್ಲಿ 5,000 ರೂಪಾಯಿ ಮಿತಿ ಇರುತ್ತದೆ ಅನ್ನುವುದೂ ಮೆಸ್ ಬಿಲ್ ಕಟ್ಟುವ ಕೊನೆಯ ದಿನವೇ ಗೊತ್ತಾಯಿತು. ಇದು ಫೋನ್ ಬದಲಿಸುವ ಎಲ್ಲರಿಗೂ ಇರುವ ನಿಯಮ. ರೂಮ್‌ಮೇಟ್ ಕಟ್ಟಿದ. ಪುಣ್ಯಾತ್ಮ.

ಇವೆಲ್ಲ ಒಂದು ವಾರದಲ್ಲಿ ಒಗ್ಗಿಹೋದವು. ಒಗ್ಗದ ಸಂಗತಿ ಒಂದಿದೆ.

ನಮ್ಮ ಮನೆಯಲ್ಲಿ ಎರಡು ಹಸು. ಅಮ್ಮ ದಿನಕ್ಕೆರಡು ಹೊತ್ತು ಡೇರಿಗೆ ಹಾಲು ಹಾಕುತ್ತಾಳೆ. ಡೇರಿಯ ಚೀಟಿಯಲ್ಲಿ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಬರೆದಿರುತ್ತದೆ. ದುಡ್ಡು ಅದರ ಮೇಲೆ ನಿಂತಿರುತ್ತದೆ. ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನ ಬೇರೆಯೇ ಬರುತ್ತದೆ. ಚೀಟಿಗಳು ಸೆರಗಿನ ಗಂಟಿನಲ್ಲಿ ಮುದ್ದೆಯಾಗಿ, ಲೆಕ್ಕ ಅಮ್ಮನ ತಲೆಯಲ್ಲೇ ನಡೆಯುತ್ತಿತ್ತು. ಐದನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ನಾನು ಮಾಡಿದ್ದು ಅದನ್ನೇ: ಚೀಟಿಯ ಅಂಕಿ ಹಾಕಿದರೆ ವಾರದ ಲೆಕ್ಕ ಕನ್ನಡದಲ್ಲಿ ತೋರಿಸುವ ಚಿಕ್ಕ ಆಂಡ್ರಾಯ್ಡ್ ಆ್ಯಪ್. ಬರೆದೆ, ಎಪಿಕೆ ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೆ, ಅಮ್ಮ ಒತ್ತಿದಳು, ಫೋನು ‘ಗೊತ್ತಿಲ್ಲದ ಮೂಲದ್ದು’ ಎಂದು ಎಚ್ಚರಿಸಿತು. ‘ಗೊತ್ತಿಲ್ಲದ್ದೇನು, ನನ್ನ ಮಗಂದು’ ಅಂದುಕೊಂಡೇ ಹಾಕಿಕೊಂಡಳಂತೆ.

ಅದೇ ಆ್ಯಪ್ ಈಗ ನನ್ನ ಜೇಬಿನ ಫೋನಿನಲ್ಲಿ ನಡೆಯುವುದಿಲ್ಲ. ಆಂಡ್ರಾಯ್ಡ್ ಆ್ಯಪ್ ಐಫೋನಿನಲ್ಲಿ ಓಡುವುದಿಲ್ಲ ಅನ್ನುವುದು ಪ್ರೈಮರಿ ಹುಡುಗರಿಗೂ ಗೊತ್ತು, ಸರಿ. ಐಫೋನಿಗೇ ಬರೆಯೋಣ ಎಂದು ಹೊರಟೆ. ಅದಕ್ಕೆ ಎಕ್ಸ್‌ಕೋಡ್ ಬೇಕು. ಎಕ್ಸ್‌ಕೋಡ್ ನಡೆಯುವುದು ಮ್ಯಾಕ್ ಕಂಪ್ಯೂಟರಿನಲ್ಲಿ ಮಾತ್ರ. ಯಾರದ್ದೋ ಮ್ಯಾಕ್ ಬೇಡಿ ತಂದು ಉಚಿತ ಖಾತೆಯಲ್ಲಿ ನನ್ನದೇ ಫೋನಿಗೆ ಹಾಕಿಕೊಂಡರೂ ಏಳು ದಿನಕ್ಕೆ ಅದರ ಅವಧಿ ಮುಗಿಯುತ್ತದೆ, ಮತ್ತೆ ಹಾಕಬೇಕು. ಆ ಕಾಟ ಬೇಡವೆಂದರೆ ವರ್ಷಕ್ಕೆ 99 ಡಾಲರ್ ಕಟ್ಟಿ ಡೆವಲಪರ್ ಆಗಬೇಕು. ಗೂಗಲ್ ಪ್ಲೇನಲ್ಲಿ ಒಂದೇ ಸಲ 25 ಡಾಲರ್, ಅದೂ ಅಂಗಡಿಯಲ್ಲಿ ಇಡುವುದಾದರೆ. ನನ್ನ ಫೋನಿಗೆ ನಾನೇ ಬರೆದದ್ದನ್ನು ಹಾಕಿಕೊಳ್ಳಲು ಆಂಡ್ರಾಯ್ಡ್ ನನ್ನಿಂದ ಈತನಕ ದುಡ್ಡು ಕೇಳಿಲ್ಲ. ಅಲ್ಲೂ ಬಾಗಿಲು ಕಿರಿದಾಗುತ್ತಿದೆ ಅನ್ನಿ: ಗುರುತು ದೃಢಪಡಿಸದ ಡೆವಲಪರ್‌ಗಳ ಆ್ಯಪ್‌ಗಳಿಗೆ 2026ರಿಂದ ಕೆಲವು ದೇಶಗಳಲ್ಲಿ ಕಡಿವಾಣ ಹಾಕುವುದಾಗಿ ಗೂಗಲ್ 2025ರಲ್ಲೇ ಪ್ರಕಟಿಸಿತು.

ಹಾಗಂತ ಈ ಫೋನನ್ನು ಬೈಯಲಾರೆ. ಆರು ವರ್ಷ ದಾಟಿದ ಮಾಡೆಲ್ಲಿಗೆ ಇನ್ನೂ ಅಪ್‌ಡೇಟ್ ಬರುತ್ತಿದೆ. ನನ್ನ ಹಳೆಯದಕ್ಕೆ ಎರಡನೇ ವರ್ಷಕ್ಕೇ ನಿಂತಿತ್ತು. ಮೊದಲ ದಿನ ಆ್ಯಪ್‌ಗಳನ್ನು ಹಾಕುತ್ತಾ ಹೋದಂತೆ, ‘ಬೇರೆ ಆ್ಯಪ್‌ಗಳಲ್ಲೂ ಇದು ನಿಮ್ಮನ್ನು ಹಿಂಬಾಲಿಸಬಹುದೇ?’ ಎಂದು ಫೋನೇ ಕೇಳಿತು. ಒಂದಾದ ಮೇಲೊಂದಕ್ಕೆ ‘ಬೇಡ’ ಒತ್ತುವಾಗ, ಇಷ್ಟು ದಿನ ಯಾರ್‍ಯಾರು ನನ್ನ ಹಿಂದೆ ಬರುತ್ತಿದ್ದರಪ್ಪಾ ಎಂದು ಗಾಬರಿಯಾಯಿತು. ಕೆಲಸ ಹುಡುಕುತ್ತಾ ಸಿಕ್ಕ ಸಿಕ್ಕ ಜಾಬ್ ಆ್ಯಪ್‌ಗೆ ನಂಬರ್ ಕೊಡುವ ನಮಗೆ ಈ ಪ್ರಶ್ನೆಯನ್ನು ಯಾರಾದರೂ ಕೇಳಲೇಬೇಕಿತ್ತು.

ಆದರೆ ಫೋನಿಗಿಂತ ಹೆಚ್ಚಾಗಿ ಬದಲಾಗಿದ್ದು ನೋಡುವವರ ಕಣ್ಣು. ‘ಇಎಂಐ ಎಷ್ಟು ಮಗಾ?’ ಅನ್ನುವುದು ಕ್ಲಾಸಿನಲ್ಲಿ ಮೊದಲ ಪ್ರಶ್ನೆ. ಅದು ತಮಾಷೆ. ತಮಾಷೆಯಲ್ಲದ್ದು ಸ್ಕಾಲರ್‌ಶಿಪ್ ಅರ್ಜಿ ಹಿಡಿದು ಒಂದು ಕಚೇರಿಗೆ ಹೋದಾಗ ಆಯಿತು. ಒಟಿಪಿ ನೋಡಲು ಫೋನು ತೆಗೆದೆ. ಮೇಜಿನ ಆಚೆಗಿದ್ದವರು ಆದಾಯ ಪ್ರಮಾಣಪತ್ರ ನೋಡಿದರು, ಫೋನು ನೋಡಿದರು, ಮತ್ತೆ ಪ್ರಮಾಣಪತ್ರ ನೋಡಿದರು. ‘ಇದು ಇಟ್ಕೊಂಡು ಇದಕ್ಕೆ ಅರ್ಜಿ ಹಾಕ್ತೀಯೇನಪ್ಪ?’ ಅಂದರು. ‘ಅಣ್ಣಂದು ಸರ್, ಹಳೇದು’ ಅಂದೆ. ನಾನ್ಯಾಕೆ ಲೆಕ್ಕ ಒಪ್ಪಿಸಬೇಕು ಅನ್ನುವ ಸಿಟ್ಟು ಬಂದಿದ್ದು ಮೆಟ್ಟಿಲಿಳಿದ ಮೇಲೆ. ಮೊಬೈಲ್ ಅಂಗಡಿಯವನ ಪ್ರಕಾರ, ಹಳೇ ಫೋನನ್ನು ಹೊಸದಾಗಿ ಕೊಳ್ಳುವಾಗ ನಾನು ಕೊಟ್ಟಷ್ಟು ದುಡ್ಡೂ ಈಗ ಇದಕ್ಕೆ ಬರುವುದಿಲ್ಲ. ಹಿಂದೆ ಬೇರೆ ಚಿಹ್ನೆಯಿದ್ದರೆ ಆ ಪ್ರಶ್ನೆಯೇ ಏಳುತ್ತಿರಲಿಲ್ಲ. ಅದಕ್ಕಿಂತ ನಾಚಿಕೆಯ ವಿಷಯ, ಅದೇ ಫೋನನ್ನು ಮೊದಲ ವಾರ ನಾನೇ ಬೇಕೆಂದೇ ಕ್ಯಾಂಟೀನ್ ಮೇಜಿನ ಮೇಲೆ ಬೆನ್ನು ಮೇಲಾಗಿ ಇಡುತ್ತಿದ್ದೆ.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ವಾಟ್ಸ್‌ಆ್ಯಪ್ ಚಾಟ್‌ಗಳನ್ನು ಆಂಡ್ರಾಯ್ಡ್‌ನಿಂದ ಐಫೋನಿಗೆ ತರಬಹುದು, ಆದರೆ ಐಫೋನನ್ನು ಹೊಸದಾಗಿ ಸಜ್ಜುಗೊಳಿಸುವಾಗಲೇ ಎರಡೂ ಫೋನ್ ಪಕ್ಕದಲ್ಲಿಟ್ಟು ‘ಮೂವ್ ಟು ಐಒಎಸ್’ ಮೂಲಕ ತರಬೇಕು. ಗೂಗಲ್ ಡ್ರೈವ್‌ನ ಬ್ಯಾಕಪ್ ಇಲ್ಲಿ ತೆರೆಯುವುದಿಲ್ಲ. ನಾನು ಹೊಸ ಫೋನಿನ ಅವಸರದಲ್ಲಿ ‘ಆಮೇಲೆ’ ಒತ್ತಿದೆ. ಸೀನಿಯರ್‌ಗಳು ಕಳಿಸಿದ್ದ ಇಂಟರ್‌ವ್ಯೂ ಪ್ರಶ್ನೆಗಳು, ಅಮ್ಮ ಎಂಟು ತಿಂಗಳು ಫೋಟೊ ತೆಗೆದು ಕಳಿಸಿದ ಹಾಲಿನ ಚೀಟಿಗಳು ಎಲ್ಲವೂ ಒಡೆದ ಫೋನಿನೊಳಗೇ ಉಳಿದವು. ಫೋನ್ ಬದಲಿಸುವವರು ದಯವಿಟ್ಟು ಆ ಒಂದು ಗಂಟೆ ತಾಳಿ.

ಆ್ಯಪ್ ಪರೀಕ್ಷಿಸಲು ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರ್ ಓಡಿಸಿ ನೋಡಿದೆ. 8 ಜಿಬಿ ರ್‍ಯಾಮ್‌ನ ಅದರ ಫ್ಯಾನ್ ಕೂಗಾಟಕ್ಕೆ ಪಕ್ಕದ ರೂಮಿನವರು ಬಾಗಿಲು ಬಡಿದರು. ಕಳೆದ ವಾರ 1,900 ರೂಪಾಯಿ ಕೊಟ್ಟು ಹಳೇ ಫೋನಿಗೆ ಡಿಸ್‌ಪ್ಲೇ ಹಾಕಿಸಿದೆ. ಚೀಟಿಗಳು ಸಿಕ್ಕಿವೆ. ಸಿಮ್ ಐಫೋನಿನಲ್ಲಿದೆ, ಹಾಲಿನ ಲೆಕ್ಕ ಆಂಡ್ರಾಯ್ಡ್‌ನಲ್ಲಿ. ಬ್ಯಾಗಿನಲ್ಲಿ ಎರಡು ಚಾರ್ಜರ್. ಮುಂದಿನ ತಿಂಗಳು ಸ್ಕಾಲರ್‌ಶಿಪ್ ದಾಖಲೆ ಪರಿಶೀಲನೆಗೆ ಮತ್ತೆ ಕರೆದಿದ್ದಾರೆ. ಯಾವ ಫೋನು ಒಯ್ಯಲಿ ಎಂದು ಯೋಚಿಸುತ್ತಿದ್ದೇನೆ, ಹೀಗೆ ಯೋಚಿಸಬೇಕಾಗಿ ಬಂದಿದ್ದಕ್ಕೆ ಸಿಟ್ಟೂ ಬರುತ್ತಿದೆ.