ನಾಯಿಗೆ ಆಸರೆ: ಪಂಜರವೋ, ಪಾಲಕರೋ?

ಬೀದಿನಾಯಿಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ಮೂರು ತಿಂಗಳೊಳಗೆ ಮೂರು ಬಗೆಯ ಆದೇಶಗಳನ್ನು ನೀಡಿತು. ಆಗಸ್ಟ್ 11ರಂದು ದ್ವಿಸದಸ್ಯ ಪೀಠವು ದೆಹಲಿ ಮತ್ತು ಸುತ್ತಲಿನ ನಗರಗಳ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಿಗೆ ಸಾಗಿಸಬೇಕೆಂದಿತು. ಆಗಸ್ಟ್ 22ರಂದು ತ್ರಿಸದಸ್ಯ ಪೀಠವು ಅದನ್ನು ಮಾರ್ಪಡಿಸಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ನಂತರ ನಾಯಿಗಳನ್ನು ಮೊದಲಿದ್ದ ಸ್ಥಳಕ್ಕೇ ಬಿಡಬೇಕು, ರೇಬೀಸ್ ತಗುಲಿದ ಹಾಗೂ ಆಕ್ರಮಣಶೀಲ ನಾಯಿಗಳನ್ನು ಮಾತ್ರ ಬಿಡಬಾರದು ಎಂದಿತು. ನವೆಂಬರ್ 7ರ ಆದೇಶವು ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆರವುಗೊಳಿಸಿ ಆಶ್ರಯತಾಣಗಳಿಗೆ ಸೇರಿಸಬೇಕು, ಮರಳಿ ಅಲ್ಲಿಗೇ ಬಿಡಬಾರದು ಎಂದು ವಿಧಿಸಿತು.

ಇದು ದೇಶಕ್ಕೆಲ್ಲ ಅನ್ವಯವಾಗುವ ಆದೇಶ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಪಟ್ಟಣ ಪಂಚಾಯಿತಿಗಳೂ ಇದರ ಹೊರಗಿಲ್ಲ. ಆದರೆ ಆಶ್ರಯತಾಣವೆಂದರೆ ಏನು? ಸಾಲುಸಾಲು ಕಬ್ಬಿಣದ ಗೂಡುಗಳೇ, ಅಥವಾ ಜೀವವೊಂದು ನೆಮ್ಮದಿಯಿಂದ ಬದುಕಬಹುದಾದ ತಾಣವೇ? ಚರ್ಚೆಯ ಗದ್ದಲದಲ್ಲಿ ಈ ಪ್ರಶ್ನೆ ಮರೆಯಾಗಿದೆ.

ಬೆಂಗಳೂರಿನಂತಹ ನಗರಗಳಲ್ಲಿ ಈಚೆಗೆ ಪಂಜರರಹಿತ ಶ್ವಾನಪಾಲನಾ ಗೃಹಗಳು ತಲೆಯೆತ್ತಿವೆ. ಯಜಮಾನರು ಕೆಲಸಕ್ಕೋ ಪ್ರವಾಸಕ್ಕೋ ಹೋದಾಗ ನಾಯಿಯನ್ನು ಅಲ್ಲಿ ಬಿಡುತ್ತಾರೆ. ಅದು ಬೇಲಿ ಹಾಕಿದ ಅಂಗಳದಲ್ಲಿ ಓಡಾಡಿಕೊಂಡಿರುತ್ತದೆ. ಇದನ್ನು ಉಳ್ಳವರ ಷೋಕಿಯೆಂದು ತಳ್ಳಿಹಾಕುವವರುಂಟು. ತುಸು ಯೋಚಿಸಿದರೆ ಅದರ ಹಿಂದಿನ ತತ್ತ್ವ ಗಹನವಾದದ್ದೆಂದು ತಿಳಿಯುತ್ತದೆ. ಪಂಜರವೆಂಬುದು ಮನುಷ್ಯನ ಕಣ್ಣಿಗೆ ಬದಲಾಗಿ ನಿಲ್ಲಿಸಿದ ಕಬ್ಬಿಣ. ಬಾಗಿಲು ಹಾಕಿ ಚಿಲಕ ಜಡಿದರೆ ನೋಡಿಕೊಳ್ಳುವವನು ಮನೆಗೆ ಹೋಗಬಹುದು. ಪಂಜರವನ್ನು ತೆಗೆದುಹಾಕಿದೊಡನೆ ಮನುಷ್ಯ ಹಗಲಿರುಳು ಅಲ್ಲಿರಬೇಕಾಗುತ್ತದೆ. ಯಾವ ನಾಯಿ ಯಾವುದರೊಡನೆ ಹೊಂದುತ್ತದೆ, ಯಾವುದು ಅಂಜುತ್ತದೆ, ಯಾವುದಕ್ಕೆ ಬೇರೆಯಾಗಿ ಅನ್ನವಿಡಬೇಕು ಎಂಬುದನ್ನು ಆತ ಅರಿತಿರಬೇಕು. ಹೊಸದಾಗಿ ಬಂದದ್ದನ್ನು ಲಸಿಕೆ ಆಗಿದೆಯೇ ಎಂದು ನೋಡದೆ ಗುಂಪಿಗೆ ಬಿಡುವಂತಿಲ್ಲ. ಆದ್ದರಿಂದ ಪಂಜರವಿಲ್ಲದಿರುವುದು ಅರ್ಧ ಮಾತು. ಪಾಲಕರಿರುವುದೇ ಪೂರ್ಣ ಮಾತು. ಪಾಲಕರಿಲ್ಲದ ತೆರೆದ ಅಂಗಳ ಪಂಜರಕ್ಕಿಂತ ಕ್ರೂರವಾದೀತು.

ಮಲೆನಾಡಿನ ಸ್ಥಿತಿ ನಗರದಂತಲ್ಲ. ಇಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಟ, ಗುಡ್ಡ, ಹಳ್ಳ. ಅಡಿಕೆ, ಕಾಫಿ, ಬಾಳೆಗೆ ಮಂಗ ಮತ್ತು ಹಂದಿಗಳ ಕಾಟ ತಪ್ಪಿದ್ದಲ್ಲ. ನಾಯಿಯೇ ಕಾವಲು, ನಾಯಿಯೇ ಸಂಗಾತಿ. ಆದರೆ ರಾತ್ರಿ ಅದನ್ನು ಅಂಗಳದಲ್ಲಿ ಬಿಟ್ಟರೆ ಚಿರತೆಯ ಪಾಲಾಗುವ ಭಯವುಂಟು. ಕತ್ತಲಾದ ಮೇಲೆ ಗೂಡಿಗೆ ಸೇರಿಸುವ ರೈತನನ್ನು ನಿರ್ದಯಿ ಎನ್ನಲಾಗದು. ಅಲ್ಲಿ ಗೂಡು ರಕ್ಷಣೆ. ಬೆಳಗಾದ ಮೇಲೂ ಅದೇ ಗೂಡಿನಲ್ಲಿಯೋ ಎರಡು ಮೊಳದ ಸರಪಳಿಯಲ್ಲಿಯೋ ದಿನವಿಡೀ ಉಳಿಸಿದರೆ ಅದು ಸೆರೆಮನೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೂ ಇದನ್ನೇ ಹೇಳುತ್ತದೆ. ಮೈಯಾಡಿಸಲು ಬಾರದಷ್ಟು ಕಿರಿದಾದ ಪಂಜರ, ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿ, ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದಿರುವುದು, ಹಸಿವಿನಿಂದ ನರಳುವಂತೆ ತೊರೆದು ಹೋಗುವುದು ಇವೆಲ್ಲವೂ ಅಪರಾಧಗಳು. ಮೊದಲ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ ಮಾತ್ರ. ಇಷ್ಟು ಅಲ್ಪ ದಂಡಕ್ಕೆ ಅಂಜುವವರಾರು? ಕಾನೂನು ಸೋಲುವಲ್ಲಿ ಅಂತಃಕರಣವೇ ಕೆಲಸ ಮಾಡಬೇಕು.

ಮಕ್ಕಳು ದೂರದ ಊರುಗಳಲ್ಲಿ ನೆಲೆಸಿ, ವೃದ್ಧ ದಂಪತಿಗಳಷ್ಟೇ ಉಳಿದ ಮನೆಗಳು ಈ ಭಾಗದಲ್ಲಿ ಅನೇಕ. ಮಗಳ ಬಾಣಂತನಕ್ಕೋ ಆಸ್ಪತ್ರೆಗೋ ಹೊರಡಬೇಕಾದಾಗ ನಾಯಿಯ ಚಿಂತೆ ಅವರನ್ನು ಕಾಡುತ್ತದೆ. ಹಿಂದೆ ಕೂಡುಕುಟುಂಬದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಒಬ್ಬರು ಹೋದರೆ ಒಬ್ಬರಿರುತ್ತಿದ್ದರು. ಇನ್ನೊಂದೆಡೆ, ಬೇಡವಾದ ಹೆಣ್ಣುಮರಿಗಳನ್ನು ಚೀಲದಲ್ಲಿ ತಂದು ಸಂತೆಯ ಬಳಿಯೋ ದೇವಸ್ಥಾನದ ಬಳಿಯೋ ಬಿಟ್ಟುಹೋಗುವ ಕೆಟ್ಟ ರೂಢಿಯಿದೆ. ಬೀದಿನಾಯಿ ಬೀದಿಯಲ್ಲೇ ಹುಟ್ಟಿತೆಂದು ನಾವು ಭಾವಿಸುತ್ತೇವೆ. ಅದರ ವಂಶವನ್ನು ಹಿಂಬಾಲಿಸಿ ಹೋದರೆ ಯಾರದೋ ಮನೆಯ ಬಾಗಿಲು ಸಿಕ್ಕೀತು.

ಕಚ್ಚಿಸಿಕೊಂಡ ಮಗುವಿನ ನೋವನ್ನು ಕಡೆಗಣಿಸುವ ದಯೆ ದಯೆಯೇ ಅಲ್ಲ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ರೇಬೀಸ್‌ನಿಂದ ಬದುಕಿ ಉಳಿದವರು ಅತಿ ವಿರಳ. ಕಚ್ಚಿದೊಡನೆ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಆದರೆ ಭಯಕ್ಕೆ ಔಷಧ ಕೊಲ್ಲುವುದಲ್ಲ. ಊರಿನ ನಾಯಿಗಳಲ್ಲಿ ಶೇಕಡಾ 70ರಷ್ಟಕ್ಕೆ ಲಸಿಕೆ ಹಾಕಿದರೆ ರೇಬೀಸ್ ಹರಡುವುದು ನಿಲ್ಲುತ್ತದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ನೆರೆಯ ಗೋವಾ ವ್ಯಾಪಕ ಲಸಿಕಾ ಅಭಿಯಾನ ನಡೆಸಿ, 2021ರಲ್ಲಿ ರೇಬೀಸ್‌ಮುಕ್ತವೆಂದು ಘೋಷಿಸಿಕೊಂಡಿತು. ಬೆಂಗಳೂರಿನ ಗಣತಿಯಲ್ಲಿ 2019ರಲ್ಲಿ 3.10 ಲಕ್ಷದಷ್ಟಿದ್ದ ಬೀದಿನಾಯಿಗಳು 2023ರಲ್ಲಿ 2.79 ಲಕ್ಷಕ್ಕೆ ಇಳಿದಿದ್ದವು.

ನಾಯಿಯನ್ನು ಗೌರವಿಸುವುದು ಕನ್ನಡನಾಡಿಗೆ ಹೊಸತಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನ ಇದಕ್ಕೆ ಸಾಕ್ಷಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಏನು ಬೇಕೆಂದು ಗಂಗರ ಬೂತುಗ ಕೇಳಿದಾಗ, ಆತ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಕಾಡುಹಂದಿಯೊಡನೆ ಹೋರಾಡಿ ಕಾಳಿ ಸತ್ತಾಗ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟರು. ಆ ಭೂಮಿಯನ್ನುಣ್ಣುವ ಗೊರವನು ಕಲ್ಲನ್ನು ಪೂಜಿಸದೆ ಊಟ ಮಾಡಬಾರದೆಂಬ ಕಟ್ಟಳೆಯನ್ನೂ ವಿಧಿಸಿದರು. ಗೌರವ ಕಲ್ಲಿಗೆ ಮುಗಿಯಲಿಲ್ಲ. ನಿತ್ಯ ನೋಡಿಕೊಳ್ಳುವ ಒಬ್ಬನನ್ನು, ಅವನ ಜೀವನಕ್ಕೊಂದು ಆಧಾರವನ್ನು ಗೊತ್ತುಮಾಡಿದರು. ಇಂದಿನ ಆಶ್ರಯತಾಣಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕಿಲ್ಲ.

ಆದ್ದರಿಂದ ಕೇವಲ ಷೆಡ್ಡು ಕಟ್ಟಿಸಿ ಕೈತೊಳೆದುಕೊಂಡರೆ ಸಾಲದು. ಮೂರೂ ಪಟ್ಟಣ ಪಂಚಾಯಿತಿಗಳು ಒಂದುಗೂಡಿ ಪಶುವೈದ್ಯರ ನೆರವಿನಿಂದ ಶಸ್ತ್ರಚಿಕಿತ್ಸಾ ವ್ಯವಸ್ಥೆ ಮಾಡಿಕೊಳ್ಳಬಹುದು. ಆಶ್ರಯತಾಣಕ್ಕೆ ಮಳೆ ನಿಲ್ಲುವ ಸೂರು, ಚಿರತೆ ಹಾರದ ಬೇಲಿ, ಸಂಬಳ ಪಡೆಯುವ ಪಾಲಕರು ಬೇಕು. ಸ್ತ್ರೀಶಕ್ತಿ ಸಂಘಗಳು ಪರವೂರಿಗೆ ಹೋಗುವವರ ನಾಯಿಗಳನ್ನು ದಿನಕ್ಕಿಷ್ಟೆಂದು ಪಡೆದು ತಮ್ಮ ಅಂಗಳದಲ್ಲಿ ನೋಡಿಕೊಂಡರೆ ಅದೂ ಒಂದು ಕಾಯಕವಾದೀತು. ಮನೆಯ ನಾಯಿಗೆ ವರ್ಷಕ್ಕೊಮ್ಮೆ ಲಸಿಕೆ, ಹೆಣ್ಣುನಾಯಿಗೆ ಶಸ್ತ್ರಚಿಕಿತ್ಸೆ, ಹಗಲು ಒಂದಿಷ್ಟು ಓಡಾಟ ಇವಕ್ಕೆ ಯಾವ ನ್ಯಾಯಾಲಯದ ಅಪ್ಪಣೆಯೂ ಬೇಡ. ಆದೇಶಗಳು ನಾಳೆ ಮತ್ತೆ ಬದಲಾಗಬಹುದು. ನಮ್ಮನ್ನು ನಂಬಿ ಬಾಗಿಲಲ್ಲಿ ಮಲಗಿದ ಮೂಕಜೀವಿಯ ಹೊಣೆ ಮಾತ್ರ ಬದಲಾಗುವುದಿಲ್ಲ.