ಸಹಿ ಮಾಡಿದರೆ ಕಾಯಕವಾಯಿತೇ?



ಬೆಳಗಾವಿಯ ಕ್ಯಾಂಪಿನ ಕಚೇರಿಯೊಂದರಲ್ಲಿ ನಾಲ್ವರಿಗೆ ಹಂಚಿದ ಕೆಲಸವನ್ನು ನಾವು ಮೂವರು ಮಾಡುತ್ತಿದ್ದೆವು. ನಾಲ್ಕನೆಯವರು ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ ಚಹಾದಂಗಡಿಗೆ ಹೋದರೆ ಮರಳಿ ಕಾಣುತ್ತಿದ್ದುದು ಸಂಜೆಗೆ. ಅವರ ಮೇಜಿನ ಮೇಲಿದ್ದ ಒಂದು ಕಾಗದಕ್ಕಾಗಿ ಖಾನಾಪುರದ ಹಿರಿಯರೊಬ್ಬರು ಮೂರು ಸಲ ಬಸ್ಸು ಹತ್ತಿ ಬಂದು ಬರಿಗೈಯಲ್ಲಿ ಹಿಂದಿರುಗಿದರು. ನಾವೋ, ‘ಹೋಗ್ಲಿ ಬಿಡ್ರಿ, ಮಕ್ಕಳೊಂದಿಗರು’ ಎಂದು ಸುಮ್ಮನಿದ್ದೆವು.

ಇದನ್ನು ದಯೆಯೆಂದು ಕರೆಯುವವರುಂಟು. ರೋಗಪೀಡಿತನಾದ ಜೊತೆಗಾರನ ಹೊರೆಗೆ ಹೆಗಲು ಕೊಡುವುದು ದಾಸೋಹ. ಗಟ್ಟಿಮುಟ್ಟಾದವನ ಹೊರೆಯನ್ನು ಹೊರುವುದು ಅವನ ಮೈಗಳ್ಳತನಕ್ಕೆ ಅನ್ನವಿಕ್ಕಿದಂತೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಗಂಡನೆಂಬ ದಾಕ್ಷಿಣ್ಯಕ್ಕೆ ಬಾಯಿ ಮುಚ್ಚಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದರು. ದುಡಿದು ತಂದ ಅಕ್ಕಿಗೇ ಈ ಲೆಕ್ಕವಾದರೆ, ದುಡಿಯದೆ ಪಡೆದ ಸಂಬಳಕ್ಕೆ ಯಾವ ಲೆಕ್ಕ?

1916ರಲ್ಲಿ ಇದೇ ಬೆಳಗಾವಿಯಲ್ಲಿ ಏಳು ಮಂದಿ ಸೇರಿ ಕೆ.ಎಲ್.ಇ. ಸಂಸ್ಥೆಯನ್ನು ಸ್ಥಾಪಿಸಿದರು. ಅವರಲ್ಲೊಬ್ಬರು ಸಹಿಗಷ್ಟೇ ಬಂದಿದ್ದರೆ, ಉಳಿದವರು ‘ಹೋಗ್ಲಿ ಬಿಡ್ರಿ’ ಎಂದಿದ್ದರೆ ಆ ಸಂಸ್ಥೆ ನಿಲ್ಲುತ್ತಿತ್ತೇ?

ಮೈಗಳ್ಳರನ್ನು ಬೆನ್ನ ಹಿಂದೆ ಆಡಿಕೊಳ್ಳುವುದರಲ್ಲಿ ಪುರುಷಾರ್ಥವಿಲ್ಲ. ಮೊದಲು ಏಕಾಂತದಲ್ಲಿ, ಗೌರವದಿಂದ, ಎದುರಿಗೇ ಹೇಳಬೇಕು. ತಿದ್ದಿಕೊಳ್ಳದಿದ್ದರೆ ಯಾರ ಪಾಲು ಯಾವುದೆಂದು ಬರೆದು ಮೇಲಧಿಕಾರಿಗೆ ಒಪ್ಪಿಸಬೇಕು. ಅವರ ಕೆಲಸವನ್ನು ಗುಟ್ಟಾಗಿ ಮಾಡಿ ಮುಚ್ಚಿಡಲಾಗದು.

ನಾವು ಮೂವರೂ ಅವರಿಗೆ ಒಂದು ದಿನವೂ ಹೇಳಲಿಲ್ಲ. ಅವರು ನಿವೃತ್ತರಾದ ದಿನ ಹಾರ ಹಾಕಿದೆವು. ಖಾನಾಪುರದ ಆ ಹಿರಿಯರ ಮುಂದೆ ನಾಲ್ವರೂ ತಪ್ಪಿತಸ್ಥರೇ.