ಮಗುವಿನ ಬಾಯಲ್ಲಿ ಹಿಂದಿನ ಜನ್ಮ

ತಿಪಟೂರು ಸೀಮೆಯ ತಾಯಿಯೊಬ್ಬರು ನಮಗೆ ಕಾಗದ ಬರೆದಿದ್ದಾರೆ. ಹೆಸರನ್ನೂ ಊರನ್ನೂ ಪ್ರಕಟಿಸಬಾರದೆಂದು ಕೋರಿರುವುದರಿಂದ ವಿಷಯವನ್ನಷ್ಟೇ ವಾಚಕರ ಮುಂದಿಡುತ್ತೇವೆ. ಅವರ ಗಂಡುಮಗುವಿಗೆ ಈಗ ಆರು ವರ್ಷ. ಮೂರನೆಯ ವರ್ಷದಿಂದಲೂ ಅದು, "ಇದು ನಮ್ಮ ಮನೆಯಲ್ಲ, ನಮ್ಮ ಮನೆ ಬಾವಿಯ ಹತ್ತಿರ ಇದೆ, ನಾನು ತೆಂಗಿನ ಮರದಿಂದ ಬಿದ್ದೆ" ಎಂದು ಆಗಾಗ್ಗೆ ಹೇಳುತ್ತಿದ್ದಿತಂತೆ. ತುರುವೇಕೆರೆಯ ಕಡೆಯ ಒಂದು ಹಳ್ಳಿಯಲ್ಲಿ, ಈ ಮಗು ಹುಟ್ಟುವುದಕ್ಕೆ ಒಂದು ವರ್ಷ ಮೊದಲು, ತರುಣನೊಬ್ಬನು ಕಾಯಿ ಕೀಳಲು ಹತ್ತಿದ ಮರದಿಂದ ಬಿದ್ದು ತೀರಿಕೊಂಡಿದ್ದನು. ಅವನಿಗೂ ಈ ಮನೆಯವರಿಗೂ ರಕ್ತಸಂಬಂಧವಿಲ್ಲ. ಆದರೂ ಅವನೇ ಇವನೆಂದು ಬಂಧುಗಳು ನಿಶ್ಚಯಿಸಿಬಿಟ್ಟಿದ್ದಾರೆ. ಸತ್ತವನ ವೃದ್ಧ ತಾಯಿ ಮಗುವನ್ನು ನೋಡಲು ಹಂಬಲಿಸುತ್ತಿದ್ದಾರೆ. ಯುಗಾದಿಗೆ ಕರೆದೊಯ್ಯಬೇಕೆಂದು ಹಿರಿಯರ ಇಷ್ಟ. ಅದಕ್ಕೆ ಮೊದಲು ಸಮ್ಮೋಹನನಿದ್ರೆ ಮಾಡಿಸಿ ಉಳಿದುದನ್ನೂ ಹೇಳಿಸಬೇಕೆಂದು ಸೋದರಮಾವನ ಹಟ. ತಾನೇನು ಮಾಡಬೇಕೆಂಬುದು ತಾಯಿಯ ಪ್ರಶ್ನೆ.

ಕಾಗದದ ಕೊನೆಯಲ್ಲಿ, ಹೇಳಿಯೂ ಹೇಳದಂತೆ, ಇನ್ನೊಂದು ಮಾತಿದೆ. ನಾಲ್ಕು ತಿಂಗಳಿಂದೀಚೆಗೆ, ವಾರಕ್ಕೆ ಒಂದೆರಡು ಸಲ, ಆಡುತ್ತಿರುವ ಮಗು ತಟ್ಟನೆ ನಿಂತುಬಿಡುವುದು, ಕರೆದರೆ ಓಗೊಡದು, ಏನನ್ನೋ ಚಪ್ಪರಿಸುವಂತೆ ತುಟಿಯಾಡಿಸುವುದು. ಒಂದು ನಿಮಿಷ ಕಳೆದ ಮೇಲೆ, "ಕರಟ ಸುಟ್ಟ ವಾಸನೆ ಬಂತು, ಇದೆಲ್ಲ ಮುಂಚೆಯೇ ಆಗಿತ್ತು" ಎಂದು ಹೇಳಿ ಮಲಗಿಬಿಡುವುದು. ಹಿಂದಿನ ಜನ್ಮ ಮರಳಿ ಬರುವ ರೀತಿಯೇ ಇದೆಂದು ಅತ್ತೆಯವರು ನಂಬಿದ್ದಾರಂತೆ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ತಾಯಿಯವರಿಗೆ ಕೂಡಲೇ ಬೇರೆಯಾಗಿ ಉತ್ತರ ಬರೆದಿದ್ದೇವೆ. ಇತರ ಮನೆಗಳಿಗೂ ಉಪಯೋಗವಾದೀತೆಂದು ಇಲ್ಲಿ ವಿಸ್ತರಿಸಿ ಹೇಳುತ್ತೇವೆ.

ಜನ್ಮಾಂತರದ ನೆನಪು ಕನ್ನಡಿಗರಿಗೆ ಹೊಸ ಮಾತಲ್ಲ. ಪಂಪನು 941ರಲ್ಲಿ ರಚಿಸಿದ ಆದಿಪುರಾಣದಲ್ಲಿ ಶ್ರೀಮತಿಯು ಹಿಂದಿನ ಭವದ ಲಲಿತಾಂಗನನ್ನು ನೆನೆದು ಮೂರ್ಛೆಹೋಗುತ್ತಾಳೆ. ಅವಳು ಬರೆದ ಚಿತ್ರಪಟವೇ ವಜ್ರಜಂಘನ ಗುರುತಿಗೆ ಕಾರಣವಾಗುತ್ತದೆ. ಜನ್ಮಾಂತರವನ್ನು ನಂಬುವುದೂ ಬಿಡುವುದೂ ಅವರವರಿಗೆ ಸೇರಿದುದು. ಅದರಲ್ಲಿ ತೀರ್ಪು ಕೊಡುವುದು ಈ ಅಂಕಣದ ಕೆಲಸವಲ್ಲ. ಈ ಒಂದು ಮಗುವಿನ ಈ ಮಾತುಗಳು ಎಲ್ಲಿಂದ ಬಂದಿರಬಹುದೆಂಬುದಷ್ಟೇ ನಮ್ಮ ಮುಂದಿರುವ ಪ್ರಶ್ನೆ.

ಸುಳ್ಳನ್ನೇ ಆಡದವರ ಬಾಯಿಂದಲೂ ತಮ್ಮದಲ್ಲದ ನೆನಪು ಹೊರಡಬಹುದೆಂಬುದಕ್ಕೆ ನಮ್ಮ ನಾಡಿನ ಹೆಸರನ್ನೇ ಹೊತ್ತ ಒಂದು ಉದಾಹರಣೆಯುಂಟು. ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿ ಎಲೀಸ್ ಮುಲ್ಲರ್ ಎಂಬಾಕೆ ಒಂದು ವ್ಯಾಪಾರದ ಮಳಿಗೆಯಲ್ಲಿ ಕೆಲಸದಲ್ಲಿದ್ದಳು. 1894ರ ಸುಮಾರಿನಲ್ಲಿ ಆಕೆ ಪರವಶಳಾಗಿ, ತಾನು ಹಿಂದೆ ಕನ್ನಡ ಜಿಲ್ಲೆಯ ಚಂದ್ರಗಿರಿಯ ರಾಜ ಸಿವ್ರೂಕ ನಾಯಕನ ರಾಣಿಯಾಗಿದ್ದೆನೆಂದೂ, ಆತನು 1401ರಲ್ಲಿ ಕೋಟೆ ಕಟ್ಟಿಸಿದನೆಂದೂ, ಅವನ ಚಿತೆಯಲ್ಲಿ ತಾನು ಸಹಗಮನ ಮಾಡಿದೆನೆಂದೂ ಹೇಳತೊಡಗಿದಳು. ಸಂಸ್ಕೃತವನ್ನು ಹೋಲುವ ಮಾತುಗಳನ್ನೂ ಆಡಿದಳು. ಅಲ್ಲಿನ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಥಿಯೋಡೋರ್ ಫ್ಲೂರ್ನ್ವಾ ಎಂಬವರು ಕೆಲವು ವರ್ಷ ಇದನ್ನು ಬೆನ್ನುಹತ್ತಿದರು. ವಿದ್ವಾಂಸರನ್ನು ಕೇಳಿದರೆ ಅಂಥ ರಾಜನನ್ನು ಅವರು ಅರಿಯರು. ಕಡೆಗೆ, 1828ರಲ್ಲಿ ಅಚ್ಚಾದ, ದ ಮಾರ್ಲೆಸ್ ಎಂಬಾತನ ಫ್ರೆಂಚ್ ಚರಿತ್ರೆಯೊಂದರಲ್ಲಿ ಅದೇ ರಾಜ, ಅದೇ ಚಂದ್ರಗಿರಿ, ಅದೇ 1401 ಅವರ ಕಣ್ಣಿಗೆ ಬಿದ್ದುವು. ಹಾಗಾದರೆ ಆಕೆಯ ಮಾತು ನಿಜವಾಯಿತೇ? ಇಲ್ಲಿಯೇ ಸ್ವಾರಸ್ಯವಿರುವುದು. ಕಾಸರಗೋಡಿನ ಬಳಿಯ ಚಂದ್ರಗಿರಿ ಕೋಟೆಯು 17ನೆಯ ಶತಮಾನದ ಕೆಳದಿಯ ಶಿವಪ್ಪನಾಯಕನದೆಂದು ನಮ್ಮವರು ಬಲ್ಲರು. ಆ ಪುಸ್ತಕದ ವರ್ಷವೇ ಎರಡು ಶತಮಾನಗಳಿಗೂ ಮಿಕ್ಕು ಹಿಂದಕ್ಕೆ ಹೋಗಿದೆ. ಪುಸ್ತಕದ ಆ ವರ್ಷವೇ ರಾಣಿಯ "ನೆನಪಿ"ನಲ್ಲಿಯೂ ಕುಳಿತಿದೆ! ಕೋಟೆ ಕಟ್ಟಿದುದನ್ನು ಕಣ್ಣಾರೆ ಕಂಡವಳಿಗೆ ಪುಸ್ತಕದ ತಪ್ಪು ಹೇಗೆ ಬಂದೀತು? ಆಕೆ ಮೋಸಗಾರಳಲ್ಲವೆಂದೇ ಫ್ಲೂರ್ನ್ವಾ ನಂಬಿದ್ದರು. ಎಂದೋ ಕಿವಿಗೋ ಕಣ್ಣಿಗೋ ಬಿದ್ದುದು ಮನಸ್ಸಿನ ಮೂಲೆಯಲ್ಲಿ ಉಳಿದು, ಬಂದ ದಾರಿ ಮರೆತುಹೋಗಿ, ಸ್ವಂತ ಅನುಭವದ ವೇಷದಲ್ಲಿ ಹೊರಬರುವುದೆಂದು 1900ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಇದನ್ನು ಗುಪ್ತಸ್ಮೃತಿ ಎನ್ನಬಹುದು.

ಈಗ ತಿಪಟೂರಿನ ಮನೆಗೆ ಮರಳೋಣ. ಅಟ್ಟದಿಂದ ಇಳಿಸಿದ ಕಾಯಿಯನ್ನು ಸುಲಿದು, ಕರಟ ಒಡೆದು ಕೊಬ್ಬರಿ ತೆಗೆಯುವ ದಿನಗಳಲ್ಲಿ ಮಗು ಅಜ್ಜಿಯ ಮಡಿಲಲ್ಲಿಯೇ ಇರುತ್ತಿದ್ದಿತೆಂದೂ, ಕೆಲಸಕ್ಕೆ ಬರುವ ಆಳುಗಳಲ್ಲಿ ಇಬ್ಬರು ತುರುವೇಕೆರೆಯ ಕಡೆಯವರೆಂದೂ ತಾಯಿಯೇ ಬರೆದಿದ್ದಾರೆ. ಕೈ ಕೆಲಸ ಮಾಡುತ್ತಿರುವಾಗ ಬಾಯಿ ಸುಮ್ಮನಿರುವುದೇ? ಮರದಿಂದ ಬಿದ್ದವನ ಸುದ್ದಿ ಅಲ್ಲಿ ಎಷ್ಟು ಸಲ ಬಂದುಹೋಯಿತೋ! ನಿದ್ರಿಸುತ್ತಿದೆಯೆಂದು ನಾವು ತಿಳಿದ ಮಗು ಎಷ್ಟನ್ನು ಕೇಳಿಸಿಕೊಂಡಿತೋ! ಆಮೇಲೆ ಬಂಧುಗಳು, "ಬಾವಿಯ ಪಕ್ಕ ಹುಣಿಸೆಮರವಿತ್ತೇ? ನಿನ್ನ ಹೆಸರು ಇಂಥದೇ?" ಎಂದು ಕೇಳಿದಂತೆಲ್ಲ, ಪ್ರಶ್ನೆಯೊಳಗಿನ ಉತ್ತರವೇ ಮಗುವಿನ ನೆನಪಾಗಿ ಬೆಳೆಯುವುದು. ಮಕ್ಕಳ ಮಾತಿರಲಿ, 1995ರಲ್ಲಿ ಎಲಿಜಬೆತ್ ಲಾಫ್ಟಸ್ ಎಂಬ ಅಮೆರಿಕದ ವಿದುಷಿ 24 ಜನ ಪ್ರಾಯದವರಿಗೆ, ಬಾಲ್ಯದಲ್ಲಿ ಅಂಗಡಿಬೀದಿಯಲ್ಲಿ ಕಳೆದುಹೋಗಿದ್ದಿರೆಂಬ ಕಟ್ಟುಕಥೆಯನ್ನು ಮನೆಯವರ ಹೆಸರಿನಲ್ಲಿ ತಿಳಿಸಿದಾಗ, ಸುಮಾರು ಕಾಲುಭಾಗ ಜನ ಅದನ್ನು ಪೂರ್ತಿಯಾಗಿಯೋ ಸ್ವಲ್ಪವಾಗಿಯೋ "ನೆನೆಸಿಕೊಂಡರು". ಸಮ್ಮೋಹನನಿದ್ರೆಯಲ್ಲಿ ಈ ಅಪಾಯವು ಹೆಚ್ಚುವುದೇ ಹೊರತು ತಗ್ಗದು. ಆದಕಾರಣ ಸೋದರಮಾವನ ಆಲೋಚನೆಯನ್ನು ಕೈಬಿಡತಕ್ಕದ್ದು.

ಈ ವಿಷಯವನ್ನು ನಮ್ಮ ಬೆಂಗಳೂರಿನಲ್ಲಿಯೇ ಗಂಭೀರವಾಗಿ ಶೋಧಿಸಿದವರಿದ್ದಾರೆ. ನಿಮ್ಹಾನ್ಸ್ ಸಂಸ್ಥೆಯ ಡಾಕ್ಟರ್ ಸತ್ವಂತ್ ಪಸ್ರೀಚಾ ಅವರು ವರ್ಜಿನಿಯಾದ ಇಯಾನ್ ಸ್ಟೀವನ್‌ಸನ್ನರೊಡನೆ ಬಹುವರ್ಷ ಇಂಥ ಮಕ್ಕಳನ್ನು ಕಂಡು ವಿಚಾರಿಸಿ, 1990ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಆಗ್ರಾ ಜಿಲ್ಲೆಯ ಫತೇಹಾಬಾದ್ ಸೀಮೆಯಲ್ಲಿ ಸುಮಾರು 450 ಜನಕ್ಕೊಬ್ಬರಂತೆ ಇಂಥವರು ದೊರೆತರು. ದಕ್ಷಿಣದಲ್ಲಿ ಮಾತ್ರ ಬಲು ವಿರಳ. ಕೆಲವು ಸಂಗತಿಗಳು ಸಾಮಾನ್ಯ ವಿವರಣೆಗೆ ಸಿಗಲಿಲ್ಲವೆಂದು ಅವರ ಅಭಿಪ್ರಾಯ. ಬಹುಮಂದಿ ವಿಜ್ಞಾನಿಗಳು ಅದನ್ನೊಪ್ಪಿಲ್ಲ. ಆದರೆ ಎರಡು ಅಂಶಗಳು ಗೃಹಸ್ಥರಿಗೆ ಉಪಯುಕ್ತ. ಎರಡು ಮನೆಗಳವರು ಭೇಟಿಯಾಗುವ ಮೊದಲೇ ಮಗುವಿನ ಮಾತನ್ನು ಬರೆದಿಟ್ಟಿದ್ದರೆ ಮಾತ್ರ ಅದಕ್ಕೆ ಹೆಚ್ಚಿನ ಬೆಲೆ. ಅಂಥವು ಬಹು ಕಡಮೆ. ಎರಡನೆಯದು, ಇಂಥ ಮಾತು ಸಾಧಾರಣವಾಗಿ ಎರಡರಿಂದ ಐದು ವರ್ಷದೊಳಗೆ ಆರಂಭವಾಗಿ, ಎಂಟರೊಳಗೆ ತಾನಾಗಿಯೇ ಮರೆಯಾಗುವುದು.

ನೆನಪು ರಕ್ತದಲ್ಲಿ ಬರಬಾರದೇಕೆಂದು ಕೇಳುವವರೂ ಉಂಟು. 2014ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಇಬ್ಬರು, ಒಂದು ವಾಸನೆಗೆ ಅಂಜುವಂತೆ ಕಲಿಸಿದ ಗಂಡು ಇಲಿಗಳ ಮರಿ ಮೊಮ್ಮರಿಗಳೂ ಆ ವಾಸನೆಗೆ ಹೆಚ್ಚಾಗಿ ಬೆಚ್ಚುತ್ತವೆಂದು ಪ್ರಕಟಿಸಿದರು. ಅದರ ಮೇಲೆ ಇನ್ನೂ ಚರ್ಚೆಯಿದೆ. ಅದು ನಿಜವೇ ಆದರೂ ದಾಟಿದ್ದು ಒಂದು ಅಳುಕು. ಮನೆ, ಬಾವಿ, ಹೆಸರುಗಳ ಕಥೆಯಲ್ಲ. ಬಿತ್ತನೆಕಾಯಿಯು ತಾಯಿಮರದ ಎತ್ತರವನ್ನೂ ಕೊಬ್ಬರಿಯ ದಪ್ಪವನ್ನೂ ತಂದೀತು. ಆ ಮರದಿಂದ ಯಾರು ಬಿದ್ದರೆಂಬುದನ್ನು ತಾರದು. ಮೇಲಾಗಿ ತಂದೆಯಿಂದ ಮಗನಿಗೆ ಬರುವುದೆಲ್ಲ ಮಗನು ಗರ್ಭಕ್ಕೆ ಬರುವುದರೊಳಗೆ ಬರಬೇಕು. ಆಮೇಲಿನ ಮರಣದ ನೆನಪು ಆ ದಾರಿಯಿಂದ ಬರಲಾರದು. ಇಲ್ಲಿಯಂತೂ ಸತ್ತವನು ಈ ವಂಶದವನೇ ಅಲ್ಲ.

ಈಗ ಕಾಗದದ ಕೊನೆಯ ಮಾತು. ಹಿಂದಿನ ಜನ್ಮದ ಮಾತು ಮರೆಯಾಗಬೇಕಾದ ವಯಸ್ಸಿನಲ್ಲಿ ಈ ನಿಲುಗಡೆಗಳು ಆರಂಭವಾಗಿವೆ. ಇದೇ ನಮ್ಮನ್ನು ಎಚ್ಚರಿಸಿದುದು. ತಟ್ಟನೆ ಸ್ತಬ್ಧವಾಗುವುದು, ತುಟಿ ಚಪ್ಪರಿಸುವುದು, ಇಲ್ಲದ ವಾಸನೆ, "ಇದು ಮುಂಚೆ ಆಗಿತ್ತು" ಎಂಬ ಭಾವ, ಬಳಿಕ ನಿದ್ರೆ: ಇವೆಲ್ಲ ಒಟ್ಟಿಗೆ ಬಂದಾಗ ವೈದ್ಯರು ಮೊದಲು ಶಂಕಿಸುವುದು ಮೂರ್ಛೆರೋಗದ ಒಂದು ಬಗೆಯನ್ನು. ಕಿವಿಯ ಮೇಲುಭಾಗದ ಮಿದುಳಿನಿಂದ ಅದು ಹುಟ್ಟುತ್ತದೆ. ಕೈಕಾಲು ಸೆಟೆಯಲೇಬೇಕೆಂಬ ನಿಯಮವಿಲ್ಲ. ಲಂಡನ್ನಿನ ಹ್ಯೂಲಿಂಗ್ಸ್ ಜಾಕ್ಸನ್ನರು 1888ರಲ್ಲಿಯೇ ಇದನ್ನು ಕನಸಿನಂಥ ಅವಸ್ಥೆಯೆಂದು ವರ್ಣಿಸಿದರು. ಅವರಿಗೆ ಅದನ್ನು ವಿವರಿಸಿ ಹೇಳಿದ ರೋಗಿಯು ಸ್ವತಃ ಒಬ್ಬ ವೈದ್ಯ.

ರೋಗವಿದೆಯೆಂದು ನಾವು ಇಲ್ಲಿಂದ ನಿರ್ಣಯಿಸಲಾರೆವು, ಪರೀಕ್ಷೆಯೇ ನಿರ್ಣಯಿಸಬೇಕು. ಮಗುವನ್ನು ತಡಮಾಡದೆ ಮಕ್ಕಳ ವೈದ್ಯರಿಗೋ ನರರೋಗತಜ್ಞರಿಗೋ ತೋರಿಸಿ, ಇ.ಇ.ಜಿ. ಪರೀಕ್ಷೆಯ ವಿಚಾರ ಕೇಳಬೇಕು. ಅಂಥ ಸಮಯದಲ್ಲಿ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರೆ ವೈದ್ಯರಿಗೆ ಬಹಳ ಸಹಾಯ. ಸರಿಯಾದ ಔಷಧಿಯಿಂದ ಮೂರ್ಛೆರೋಗಿಗಳಲ್ಲಿ ನೂರಕ್ಕೆ 70ರಷ್ಟು ಜನ ಮೂರ್ಛೆಯಿಲ್ಲದೆ ಬಾಳಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಲ್ಲಿಯವರೆಗೆ ಮಗುವನ್ನು ಬಾವಿ, ಕೆರೆ, ಒಲೆಗಳ ಬಳಿ ಒಂಟಿಯಾಗಿ ಬಿಡಬಾರದು. ಮೈ ಸೆಟೆದು ಬಿದ್ದರೆ ಪಕ್ಕಕ್ಕೆ ತಿರುಗಿಸಿ ಮಲಗಿಸಬೇಕು. ಕೈಗೆ ಕಬ್ಬಿಣ ಕೊಡುವುದಾಗಲಿ ಬಾಯಿಗೆ ಏನನ್ನಾದರೂ ಇಡುವುದಾಗಲಿ ಕೂಡದು. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು. ಔಷಧಿ ಆರಂಭಿಸಿದ ಮೇಲೆ ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಇನ್ನು ಆ ವೃದ್ಧ ತಾಯಿ. ಮಗನನ್ನು ಕಳೆದುಕೊಂಡವರಿಗೆ ಮಗನು ಬಂದನೆಂದು ಹೇಳಿ, ಎಂಟನೆಯ ವರ್ಷಕ್ಕೆ ಮಗು ಎಲ್ಲವನ್ನೂ ಮರೆತಾಗ, ಅವರು ಅವನನ್ನು ಎರಡನೆಯ ಸಲ ಕಳೆದುಕೊಳ್ಳುವಂತೆ ಮಾಡುವುದು ಯಾವ ಪುಣ್ಯ? ಮನೆಯ ಹಿರಿಯರು ಯುಗಾದಿಗೆ ಹೋಗಿ ಅವರನ್ನು ಕಂಡುಬರಲಿ, ಬೇವುಬೆಲ್ಲ ಹಂಚಿಕೊಳ್ಳಲಿ, ಅವರ ಮಗನ ಮಾತನ್ನು ಕುಳಿತು ಕೇಳಲಿ. ಮಗುವನ್ನು ಮಾತ್ರ ಸಾಕ್ಷಿಯಾಗಿ ಒಯ್ಯುವುದು ಬೇಡ. ಅದು ಹಿಂದಿನ ಮನೆಯ ಮಾತೆತ್ತಿದರೆ ಗದರದೆ, ಕೆದಕದೆ, "ಹಾಗೇನಪ್ಪ" ಎಂದು ಊಟಕ್ಕೆ ಕರೆಯಿರಿ. ಹಿಂದೆ ಅದು ಯಾರಾಗಿತ್ತೋ ಯಾರು ಬಲ್ಲರು. ಈ ಜನ್ಮದಲ್ಲಿ ಅದು ನಿಮ್ಮ ಮಗು, ವೈದ್ಯರಲ್ಲಿಗೆ ಕರೆದೊಯ್ಯುವ ಭಾರವೂ ನಿಮ್ಮದೇ.